ಕುಟುಂಬದ ಯಜಮಾನನ ಸಹಿ

ಎಂ.ಎ.ಗೆ ನಾನು ಆಯ್ದುಕೊಂಡ ವಿಷಯ ಸಾರ್ವಜನಿಕ ಆಡಳಿತ. ಅರವತ್ತರ ದಶಕದ ನಡುವಿನ ವರ್ಷಗಳು. ಘಟ್ಟದ ಮೇಲಿನ ಊರೊಂದರ ಹಾಸ್ಟೆಲಿನಲ್ಲಿದ್ದುಕೊಂಡು, ಅಧಿಕಾರ ಮೇಲಿನಿಂದ ಕೆಳಕ್ಕೆ ಹೇಗೆ ಇಳಿಯುತ್ತದೆ, ಒಬ್ಬ ಅಧಿಕಾರಿ ಎಷ್ಟು ಮಂದಿಯ ಕೆಲಸದ ಮೇಲೆ ಕಣ್ಣಿಡಬಲ್ಲ, ನೌಕರನಿಗೆ ಅಪ್ಪಣೆ ಕೊಡುವವನು ಒಬ್ಬನೇ ಯಾಕಿರಬೇಕು, ನೇಮಕ, ಬಡ್ತಿ, ಬಜೆಟ್ಟು, ಜಿಲ್ಲಾ ಆಡಳಿತ ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಕುಮಟೆಯ ನಮ್ಮ ಮನೆಗೆ ಯಾರೇ ಬರಲಿ, ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಅಪ್ಪ, "ಮಗಳು ಸರಕಾರ ನಡೆಸೂದು ಹ್ಯಾಂಗೆ ಅಂತ ಓದ್ತಾ ಇದ್ದಾಳೆ" ಎನ್ನುತ್ತಿದ್ದರು. ನನಗೂ ಹಾಗೇ ಅನಿಸಿತ್ತು. ಆ ಸೊಕ್ಕು ಒಂದೇ ಬೇಸಿಗೆಯಲ್ಲಿ ಇಳಿಯಿತು. ಅದರ ಜಾಗಕ್ಕೆ ಬಂದ ಸಿಟ್ಟು ಮಾತ್ರ ಇಂದಿಗೂ ಇಳಿದಿಲ್ಲ.

ಎರಡನೆಯ ವರ್ಷಕ್ಕೆ ಮುಂಚಿನ ರಜೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದು ಸರಕಾರಿ ಕಚೇರಿಯಲ್ಲಿ ಕುಳಿತು, ಕೆಲಸ ನೋಡಿ, ವರದಿ ಬರೆಯಬೇಕಿತ್ತು. ನನಗೆ ಸಿಕ್ಕಿದ್ದು ತಾಲೂಕು ಕಚೇರಿ. ಕುಮಟೆ, ಹೊನ್ನಾವರ, ಭಟ್ಕಳ, ಈ ಮೂರರಲ್ಲಿ ಯಾವುದೆಂದು ಹೇಳುವುದಿಲ್ಲ. ಹೇಳಿದರೆ ಉಳಿದೆರಡು ಕಡೆ ಹೀಗೆ ನಡೆಯುತ್ತಿರಲಿಲ್ಲ ಎಂದು ಓದುವವರಿಗೆ ಅನಿಸೀತು.

ಆ ವರ್ಷ ಅಕ್ಕಿಗೆ ತತ್ವಾರ. ರೇಷನ್ ಕಾರ್ಡುಗಳನ್ನು ಹೊಸದಾಗಿ ಮಾಡಿಕೊಡುತ್ತಿದ್ದರು. ನನ್ನನ್ನು ಆ ವಿಭಾಗದ ಗುಮಾಸ್ತರ ಪಕ್ಕ ಕೂರಿಸಿದ್ದರು. ನಡುವಯಸ್ಸಿನ ಆ ಮನುಷ್ಯ ನನ್ನ ಅಕ್ಷರ ಚೆಂದವೆಂದು ಅರ್ಜಿಗಳ ಮೇಲಿನ ಷರಾ ಬರೆಯುವ ಕೆಲಸ ಕೊಟ್ಟರು. ಮೂರನೆಯ ದಿನ ಮೀನುಗಾರರ ಕೇರಿಯ ಹೆಂಗಸೊಬ್ಬಳು ಬಂದಳು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳಿರಬೇಕು. ಹಿಂದಿನ ಮಳೆಗಾಲದ ಮೊದಲ ಗಾಳಿಗೆ ಅವಳ ಗಂಡನ ದೋಣಿ ಮಗುಚಿತ್ತು. ಜೊತೆಗಿದ್ದ ಇಬ್ಬರು ಹಲಗೆ ಹಿಡಿದು ದಡ ಸೇರಿದರು. ಅವನು ಬರಲಿಲ್ಲ, ಹೆಣವೂ ಸಿಗಲಿಲ್ಲ. ಕಾರ್ಡು ಅವನ ಹೆಸರಿನಲ್ಲಿತ್ತು.

"ಯಜಮಾನ ಬಂದು ಸಹಿ ಮಾಡ್ಬೇಕು" ಎಂದರು ಗುಮಾಸ್ತರು.

"ಅಂವ ಸಮುದ್ರದಲ್ಲಿ ಹೋದ, ಸಾಯ್ಬ್ರೆ."

"ಹೋದ ಅನ್ನೂಕೆ ಕಾಗದ ಬೇಕಲ್ಲ?"

ಅವರು ಕೆಟ್ಟವರಲ್ಲ. ಅವಳಿಗೆ ಕೂರಲು ಬೆಂಚು ತೋರಿಸಿದರು, ಕುಡಿಯಲು ನೀರು ತರಿಸಿದರು. ಆಮೇಲೆ ಅರ್ಜಿಯನ್ನು ನನ್ನ ಕಡೆ ಸರಿಸಿದರು. ನಾನು ಬರೆದೆ: "ಕುಟುಂಬದ ಯಜಮಾನನ ಸಹಿ ಇಲ್ಲದ ಕಾರಣ ಅರ್ಜಿ ಹಿಂದಿರುಗಿಸಿದೆ." ದುಂಡಗೆ, ತಪ್ಪಿಲ್ಲದೆ ಬರೆದೆ. ಅವಳು ಅಲ್ಲಿಯೇ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

ನಿನ್ನ ಸುದ್ದಿ ವರದಿಯಲ್ಲಿ ಬರೆಯುತ್ತೇನೆ ಎಂದು ಅವಳಿಗೆ ಹೇಳಿ, ಮರುದಿನದಿಂದ ಆ ಅರ್ಜಿಯ ಬೆನ್ನು ಹತ್ತಿದೆ. ವರದಿಗೆ ಒಳ್ಳೆಯ ವಿಷಯ ಸಿಕ್ಕಿತೆಂದೇ ಮೊದಲು ಅಂದುಕೊಂಡಿದ್ದು, ಸುಳ್ಳೇಕೆ ಹೇಳಲಿ. ಊರಿನ ಲೆಕ್ಕಪತ್ರ ನೋಡುವ ತಲಾಟಿಯವರು, ಹೆಣವಿಲ್ಲದೆ ಪಂಚನಾಮೆ ಮಾಡುವುದು ಹೇಗೆ ಎಂದರು. ಪೊಲೀಸರ ಪುಸ್ತಕದಲ್ಲಿ ಅವನು ಸತ್ತವನಲ್ಲ, ಕಾಣೆಯಾದವನು. ಕಾಣೆಯಾದವನು ಸತ್ತನೆಂದು ತಿಳಿಯಬೇಕಾದರೆ ಏಳು ವರ್ಷ ಕಾಯಬೇಕು ಎಂದರು. ಮೂರು ಮಕ್ಕಳು ಏಳು ವರ್ಷ ಏನು ಉಣ್ಣಬೇಕು ಎನ್ನುವುದು ಯಾರ ಮೇಜಿಗೂ ಸೇರಿದ ಪ್ರಶ್ನೆಯಾಗಿರಲಿಲ್ಲ. ಕೊನೆಗೆ ಜನ ಇನ್ನೂ ಮಾಮಲೇದಾರ ಎಂದೇ ಕರೆಯುತ್ತಿದ್ದ ತಹಶೀಲದಾರರ ಕೋಣೆಗೆ ಹೋದೆ.

"ನಿಯಮದಲ್ಲಿ ದಾರಿ ಇಲ್ಲ ಅಂತಲ್ಲ" ಎಂದರು ಅವರು. "ಆದರೆ ನಾನು ಸಹಿ ಮಾಡಿ, ನಾಳೆ ಆತ ಬಂದರೆ?"

"ಬಂದರೆ ಒಳ್ಳೆಯದೇ ಅಲ್ಲವೇ, ಸರ್?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಇನ್ನೂ ಕಲಿಯುವವರು" ಎಂದು ಬೇರೆ ಫೈಲು ತೆರೆದರು.

ಅವಳು ಮತ್ತೆ ಬಂದ ದಿನ ಗುಮಾಸ್ತರೇ ಜಗಲಿಗೆ ಕರೆದು ಒಂದು ಉಪಾಯ ಹೇಳಿದರು. "ಗಂಡ ನನ್ನ ಬಿಟ್ಟು ಬೊಂಬಾಯಿಗೆ ಹೋದ ಅಂತ ಬರ್ಕೊಡು. ಬಿಟ್ಟು ಹೋದವರ ಹೆಂಡ್ತಿಗೆ ತಲಾಟಿ ಒಂದು ಮಾತು ಬರೆದ್ರೆ ಸಾಕು, ನಿನ್ನ ಹೆಸರಿಗೇ ಕಾರ್ಡು ಆತು."

ಅವಳು ತಲೆ ಅಲ್ಲಾಡಿಸಿದಳು. "ಅಂವ ನನ್ನ ಬಿಟ್ಟು ಹೋದವ ಅಲ್ಲ."

ಆಗ ನಾನು ಬಾಯಿ ಹಾಕಿದೆ. "ಅಕ್ಕಾ, ಕಾಗದದ ಮಾತು ಅಷ್ಟೇ. ಮಕ್ಕಳಿಗೆ ಅಕ್ಕಿ ಸಿಗ್ತದೆ. ಹೆಬ್ಬೆಟ್ಟು ಒತ್ತು."

"ತಂಗೀ, ನನ್ನ ಮಕ್ಕಳು ನಾಳೆ ಓದೂಕೆ ಕಲೀತ್ರು. ಅಪ್ಪ ಬಿಟ್ಟು ಹೋದ ಅಂತ ಅವರು ಓದ್ಬೇಕಾ?" ಕೆಳಗಿಟ್ಟಿದ್ದ ಮೀನಿನ ಬುಟ್ಟಿ ಎತ್ತಿಕೊಳ್ಳುತ್ತಾ ಅಂದಳು, "ನೀ ಇಷ್ಟು ಓದಿ, ಕಡೆಗೆ ಸುಳ್ಳು ಬರಿ ಅಂತ ಹೇಳೂಕೆ ಕಲ್ತದ್ದಾ?"

ಅವಳ ದನಿ ಏರಿರಲಿಲ್ಲ. ಬುಟ್ಟಿ ತಲೆಗೇರಿಸಿ ಮೆಟ್ಟಿಲಿಳಿದು ಹೋದಳು. ಮಕ್ಕಳನ್ನು ಅಘನಾಶಿನಿ ಹೊಳೆದಂಡೆಯ ತವರಿಗೆ ಕಳಿಸಿದಳೆಂದು ಆಮೇಲೆ ತಿಳಿಯಿತು. ಅಲ್ಲಿ ಅಜ್ಜಿಯ ಜೊತೆ ಆ ಮಕ್ಕಳು ಇಳಿತದ ಹೊತ್ತಿಗೆ ಕೆಸರು ಕೆದಕಿ ಬೆಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರಂತೆ. ಊಟಕ್ಕೆ ಬೇಯಿಸಿದ ಚಿಪ್ಪಿನ ಮಾಂಸ, ಮೇಲೆ ಗಂಜಿ ತಿಳಿ.

ವರದಿಯಲ್ಲಿ ಅವಳಿಗೆ ಎರಡು ಪುಟ ಕೊಟ್ಟಿದ್ದೆ. ನಮ್ಮ ಪ್ರಾಧ್ಯಾಪಕರು ಅವೆರಡೂ ಪುಟಗಳಿಗೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದರು. "ಇದು ಸಮಾಜಸೇವೆಯ ಪ್ರಬಂಧವಲ್ಲ. ಅರ್ಜಿ ಯಾವ ಮೇಜಿನಿಂದ ಯಾವ ಮೇಜಿಗೆ ಹೋಯಿತು ಎನ್ನುವುದು ಬೇಕು. ಅರ್ಜಿದಾರಳು ಅತ್ತಳೋ ಇಲ್ಲವೋ ಬೇಡ" ಎಂದರು. ಅವಳು ಅತ್ತಿರಲೇ ಇಲ್ಲ. ಅತ್ತಳೆಂದು ನಾನು ಬರೆದೂ ಇರಲಿಲ್ಲ. ಅವರು ಪೂರ್ತಿ ಓದಿರಲಿಲ್ಲ. ಹಾಸ್ಟೆಲಿಗೆ ಬಂದು ಹಲ್ಲು ಕಚ್ಚಿಕೊಂಡು ಪುಟಗಳನ್ನು ಕಿತ್ತೆ. ಆ ಜಾಗದಲ್ಲಿ ಚೌಕಗಳನ್ನು ಬರೆದು, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದೆ. ವರದಿಗೆ ತರಗತಿಯಲ್ಲೇ ಹೆಚ್ಚು ಅಂಕ ಬಂತು.

ಪರೀಕ್ಷೆ ಮುಗಿಸಿ ಊರಿಗೆ ಬಂದವಳು ಅವಳ ಕೇರಿಯನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಮೀನು ಒಣಹಾಕುತ್ತಿದ್ದಳು. ಮಕ್ಕಳು ಮನೆಯಲ್ಲೇ ಇದ್ದರು. ಕಾರ್ಡು ಬಂದಿತ್ತು, ಅವಳ ಹೆಸರಿಗೇ.

"ಹೊಸ ಮಾಮಲೇದಾರ ಸಾಯ್ಬ್ರು ಬಂದ್ರು. ದೋಣೀಲಿ ಇದ್ದ ಇಬ್ಬರನ್ನೂ ಕರ್ಸಿ ಎಂತ ಆತು ಅಂತ ಕೇಳಿ ಬರ್ಸಿಕೊಂಡ್ರು. ಸಹಿ ಮಾಡಿದ್ರು. ಒಂದು ಬೆಳಗಿನ ಕೆಲಸ, ಅಷ್ಟೇ."

ನಿಯಮ ಅದೇ, ಕಚೇರಿ ಅದೇ. ಆ ಇಬ್ಬರು ಅವಳ ಮನೆಯಿಂದ ಕೂಗಳತೆಯಲ್ಲೇ ಇದ್ದವರು. ಒಂದು ವರ್ಷ ಯಾರಿಗೂ ಅವರನ್ನು ಕರೆದು ಕೇಳಬೇಕೆನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ. ಸಂತೋಷಪಡಬೇಕಾದ ಹೊತ್ತಿನಲ್ಲಿ ಮೈಯೆಲ್ಲ ಉರಿಯಿತು. ತಹಶೀಲದಾರರ ಮೇಲೆ, ಪ್ರಾಧ್ಯಾಪಕರ ಮೇಲೆ, ಬಾಣಗಳನ್ನು ಎಳೆದ ನನ್ನ ಕೈಯ ಮೇಲೆ.

"ನನ್ನ ಸುದ್ದಿ ಬರೀತೆ ಅಂದಿದ್ದೆಯಲ್ಲ, ಬರ್ದ್ಯಾ?" ಎಂದು ಕೇಳಿದಳು.

"ಬರೆದಿದ್ದೆ. ಆಮೇಲೆ ತೆಗೆದೆ."

ಅವಳು ಕಾಗೆಯನ್ನು ಓಡಿಸಿ, ಮೀನು ಮಗುಚಿ ಹಾಕುತ್ತಾ, "ಇನ್ನು ನಿಂಗೂ ಕಚೇರೀಲೇ ಕೆಲಸ ಸಿಗ್ತದಾ?" ಎಂದಳು.