ಹೊನ್ನಯ್ಯ ಮಡಿಸದೆ ಬಿಟ್ಟ ಅಂಚು

ಅರಸೀಕೆರೆಯ ಸಂತೆಬೀದಿಯಲ್ಲಿ ಹೊನ್ನಯ್ಯನವರು ನಲವತ್ತೊಂದು ವರ್ಷದಿಂದ ತಗಡಿನ ಕೆಲಸ ಮಾಡುತ್ತಿದ್ದಾರೆ. ಎಣ್ಣೆ ಅಂಗಡಿಯ ಲಾಳಿಕೆ, ಹಾಲಿನ ಅಳತೆ, ನೀರು ಕಾಯಿಸುವ ಡಬ್ಬ, ಏನೇ ಮಾಡಿದರೂ ಕೊನೆಗೆ ಬಾಯಿಯ ಅಂಚನ್ನು ಮಡಿಸಿ ತಟ್ಟುತ್ತಾರೆ. ಮಡಿಸಿದ ಅಂಚು ಕೈ ಕೊಯ್ಯುವುದಿಲ್ಲ, ಬಾಯಿ ಸೊಟ್ಟಗಾಗುವುದಿಲ್ಲ. ಅಂಚು ಮಡಿಸದ್ದನ್ನು ಅವರು ಯಾರಿಗೂ ಕೊಟ್ಟವರಲ್ಲ.

ಹೋದ ಮಾಘದಲ್ಲಿ ಹಾರನಹಳ್ಳಿಯ ಮಧುಶ್ರೀ ನಕ್ಷೆ ಹಿಡಿದು ಬಂದಳು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಂಶೋಧನೆ ಮಾಡುವ ಹುಡುಗಿ. ರಾಕೆಟ್ ಎಂಜಿನ್ನಿನ ತುದಿಯಲ್ಲಿ ಬೆಂಕಿ ಉಗುಳುವ ನಾಜಲ್ಲಿನ ಮಾದರಿಯೊಂದು ಬೇಕಿತ್ತು; ಗಂಟೆಯ ಆಕಾರ, ಕಾಗದದಷ್ಟು ತೆಳುವಾದ ತಗಡು. ಬೆಂಕಿಯ ಬದಲು ಅದರೊಳಗೆ ಒತ್ತಿ ತುಂಬಿದ ಗಾಳಿ ಬಿಟ್ಟು ಪರೀಕ್ಷಿಸುವುದು.

"ಏನ್ಲಾ ಹೊನ್ನಯ್ಯ, ರಾಕೆಟ್ಟಿಗೂ ಲಾಳಿಕೆನಾ?" ಎಂದು ಪಕ್ಕದ ಎಣ್ಣೆ ಅಂಗಡಿಯ ದೇವೀರಪ್ಪ ರೇಗಿಸಿದರು.

"ನಿನ್ ಡಬ್ಬದ ತರ ಸೋರಾಕಿಲ್ಲ, ಸುಮ್ಕಿರಪ್ಪ."

ಮರದ ಅಚ್ಚಿಗೆ ಎಂಟು ದಿನ, ತಗಡಿಗೆ ಮೂರು ದಿನ ಹಿಡಿಯಿತು.

ತಿಂಗಳ ನಂತರ, ಒಂದು ಗುರುವಾರ ಮಧುಶ್ರೀ ಮತ್ತೆ ಬಂದು ಸ್ಟೂಲಿನ ಮೇಲೆ ಕುಳಿತು, ಅವರು ಕೊಟ್ಟ ಚಹಾದ ಲೋಟ ಹಿಡಿದಳು.

"ನಾಜಲ್ ಚೆನ್ನಾಗೇ ಇದೆ ತಾತ. ನನ್ನ ಲೆಕ್ಕವೇ ತಪ್ಪು."

ಅವರು ಕೇಳಿದ್ದಕ್ಕೆ ಬಿಡಿಸಿ ಹೇಳಿದಳು. ಎಂಜಿನ್ ಹೊತ್ತಿಕೊಳ್ಳುವ ಮೊದಲ ಕ್ಷಣಗಳಲ್ಲಿ ಅನಿಲ ನಾಜಲ್ಲಿನ ಗೋಡೆಗೆ ಅಂಟಿಕೊಂಡು ಬಾಯಿಯವರೆಗೂ ಹರಿಯದೆ ನಡುವೆಯೇ ಗೋಡೆಯನ್ನು ಬಿಟ್ಟುಬಿಡುತ್ತದೆ. ಆಗ ಒತ್ತಡ ಏರುಪೇರಾಗಿ ತೆಳುಗೋಡೆ ಬಾಗುತ್ತದೆ. ಗೋಡೆ ಬಾಗಿದರೆ ಅನಿಲ ಬಿಡುವ ಜಾಗವೂ ಸರಿಯುತ್ತದೆ, ಅದು ಮತ್ತೆ ಗೋಡೆಯನ್ನು ಬಾಗಿಸುತ್ತದೆ. ಇವೆರಡನ್ನೂ ಒಟ್ಟಿಗೆ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲು ಅವಳಿಗೆ ಮೂರು ವರ್ಷ ಹಿಡಿದಿತ್ತು. ಲೆಕ್ಕದ ಪ್ರಕಾರ ದುಂಡನೆಯ ಬಾಯಿ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೊಟ್ಟೆಯಂತಾಗಿ ನಡುಗಬೇಕು. ಪರೀಕ್ಷೆಯಲ್ಲಿ ಅದು ಮಿಸುಕಲಿಲ್ಲ. ಗೋಡೆ ಬಾಗುವ ಅಧ್ಯಾಯವನ್ನೇ ಪ್ರಬಂಧದಿಂದ ಕಿತ್ತುಹಾಕು, ಸಲ್ಲಿಸಲು ಸೋಮವಾರ ಕೊನೆ ದಿನ ಎಂದಿದ್ದರು ಅವಳಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರು.

"ಬಾಯಿ ಅಲ್ಲಾಡಬೇಕಿತ್ತು ತಾತ. ಅಲ್ಲಾಡಲಿಲ್ಲ."

ಹೊನ್ನಯ್ಯನವರ ಮುಖ ಅರಳಿತು. "ಎಲ್ಲಿ ಅಲ್ಲಾಡ್ತದವ್ವ? ಅಂಚು ಮಡಚಿ, ಬೆಸುಗೆ ತುಂಬಿ, ಅರ ಹಾಕಿ ಉಜ್ಜಿವ್ನಿ. ಮಡಚಿದ್ದೇ ಗೊತ್ತಾಗಂಗಿಲ್ಲ, ನೋಡಿದ್ಯಾ?"

ಮಧುಶ್ರೀ ಲೋಟ ಕೆಳಗಿಟ್ಟಳು. ನಕ್ಷೆಯಲ್ಲಿ ಮಡಿಕೆ ಇರಲಿಲ್ಲ, ಲೆಕ್ಕದಲ್ಲೂ ಇರಲಿಲ್ಲ. ಅವಳು ತಗಡಿನ ದಪ್ಪವನ್ನು ನಾಲ್ಕು ಕಡೆ ಅಳೆದಿದ್ದಳು, ನಾಲ್ಕೂ ಅಂಚಿನಿಂದ ಒಳಗೆ.

ಅವಳ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. "ಕೇಳ್ದೆ ಮಾಡ್‌ಬುಟ್ನಲ್ಲ ಮಗಾ."

"ನಾನೂ ಅಂಚು ಅಳೀಲಿಲ್ವಲ್ಲ ತಾತ."

"ಮಡಿಕೆ ಕತ್ತರಿಸಿದ್ರೆ?"

"ಮೂರು ಮಿಲಿಮೀಟರ್ ಗಿಡ್ಡ ಆಗತ್ತೆ. ಲೆಕ್ಕಕ್ಕೆ ಕೂಡಲ್ಲ."

"ಅಚ್ಚೈತೆ. ಭಾನುವಾರದೊಳಗೆ ಹೊಸದು ಮಾಡ್ತೀನಿ."

ಭಾನುವಾರ ಸಂಜೆ ಕೆಲಸ ಮುಗಿದಾಗ ಕೈ ತಾನಾಗಿ ಸುತ್ತಿಗೆಯ ಕಡೆ ಹೋಯಿತು. ಎದ್ದು ಸುತ್ತಿಗೆಯನ್ನು ದೇವೀರಪ್ಪನ ಅಂಗಡಿಯಲ್ಲಿಟ್ಟು ಬಂದರು. ಸೋಮವಾರ ಬೆಳಗಿನ ಬಸ್ಸಿನಲ್ಲಿ ನಾಜಲ್ಲನ್ನು ಟವೆಲ್ಲಿನಲ್ಲಿ ಸುತ್ತಿ, ಎಳೆಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ತಾವೇ ಹೊರಟರು.

ಪ್ರಯೋಗಾಲಯದಲ್ಲಿ ದಪ್ಪ ಗಾಜಿನಾಚೆ ಗಾಳಿ ಬುಸುಗುಟ್ಟಿತು. ಬಾಯಿ ನಡುಗತೊಡಗಿತು. ನಿಧಾನಗತಿಯ ಕ್ಯಾಮೆರಾ ತೋರಿಸಿತು: ಉದ್ದಕ್ಕೆ ಮೊಟ್ಟೆ, ಅಡ್ಡಕ್ಕೆ ಮೊಟ್ಟೆ. ಹೊನ್ನಯ್ಯನವರ ಎರಡೂ ಕೈ ಅದನ್ನು ಹಿಡಿಯಲೆಂಬಂತೆ ಗಾಜಿಗೆ ತಗುಲಿದವು. ಮಧುಶ್ರೀ ಕಂಪ್ಯೂಟರಿನ ತೆರೆಯಿಂದ ಕಣ್ಣು ತೆಗೆಯದೆ ಅವರ ಮುಂಗೈ ಹಿಡಿದುಕೊಂಡಳು. ಲೆಕ್ಕದ ಗೆರೆ, ಪರೀಕ್ಷೆಯ ಗೆರೆ ಒಂದೇ ಆಗಿರಲಿಲ್ಲ; ಆದರೆ ಜೊತೆಜೊತೆಗೆ ಏರಿಳಿಯುತ್ತಿದ್ದವು.

ಮೇಷ್ಟ್ರು ಎರಡು ಸಲ ನೋಡಿ, "ಆ ಅಧ್ಯಾಯ ಇರಲಿ," ಎಂದರು.

"ಆಯ್ತಲ್ಲವ್ವ," ಎಂದರು ಹೊನ್ನಯ್ಯ, "ನಿಲ್ಸು ಇನ್ನ. ನೋಡಾಕಾಯ್ತಿಲ್ಲ."