ಹಳ್ಳವಿಲ್ಲದ ಊರಿಗೆ

ವರ್ಲಿನ್ ಟ್ಯಾಕೆಟ್ ನಮ್ಮ ಕಾಲೇಜಿನ ಕೆಲಸ ಬಿಟ್ಟು ಕನ್ಸಾಸಿನ ಯಾವುದೋ ವಿಶ್ವವಿದ್ಯಾಲಯಕ್ಕೆ ಹೋಗುತ್ತಾನಂತೆ ಎಂಬ ಸುದ್ದಿ ನಮ್ಮ ಕಣಿವೆಯ ಊರು ಲಿಕ್ ಫೋರ್ಕಿನಲ್ಲಿ ಹಬ್ಬಿದಾಗ ನಂಬಿದವರು ಯಾರೂ ಇರಲಿಲ್ಲ. ಬೆಟ್ಟ ಎದ್ದು ನಡೆದುಹೋಯಿತು ಎಂದಿದ್ದರೆ ಬೇಗ ನಂಬುತ್ತಿದ್ದರೇನೋ. ನನಗೆ ಮಾತ್ರ ಅದು ಮೊದಲೇ ಗೊತ್ತಿತ್ತು. ಕಾಲೇಜಿನ ಬಸ್ಸು ಓಡಿಸುವವಳು ನಾನು, ಡೆಲ್ಫಾ. ವರ್ಲಿನ್ ನನ್ನ ಚಿಕ್ಕಪ್ಪನ ಮಗ. ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಬೆಳೆದವರು ನಾವು.

ನಾವು ಚಿಕ್ಕವರಿದ್ದಾಗ ಒಂದು ಮಾರ್ಚ್ ತಿಂಗಳಲ್ಲಿ ಹಳ್ಳ ಉಕ್ಕಿ ಬಂತು. ವರ್ಲಿನನ ತಾಯಿ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಗುಡ್ಡ ಹತ್ತಿದಳು. ಬೆಳಕು ಹರಿದಾಗ ನೋಡಿದರೆ ಮನೆ ಇದ್ದ ಜಾಗದಲ್ಲಿ ಕಲ್ಲಿನ ಮೆಟ್ಟಿಲು ಮಾತ್ರ ಉಳಿದಿತ್ತು. ಯಾವ ಮನೆಗೂ ಹತ್ತಿಸದ ಮೆಟ್ಟಿಲು. ಆಮೇಲೆ ಮೇಲಿನ ಓಣಿಯಲ್ಲಿ ಬೇರೆ ಮನೆ ಕಟ್ಟಿಕೊಂಡರು, ಹುಡುಗ ಉದ್ದಕ್ಕೆ ಬೆಳೆದ, ಬ್ಯಾಸ್ಕೆಟ್‌ಬಾಲ್ ಆಡಿದ, ನಮ್ಮದೇ ಕಾಲೇಜು ಸೇರಿದ. ಆದರೆ ಮಳೆ ಬಿದ್ದಾಗಲೆಲ್ಲ ಅವನಿಗೆ ಎಚ್ಚರವಾಗುತ್ತಿತ್ತು. ಎದ್ದು ಬೂಟು ಹಾಕಿಕೊಂಡು ಹೋಗಿ ಹಳ್ಳದ ನೀರು ಎಷ್ಟಾಗಿದೆ ಎಂದು ನೋಡಿ ಬರುತ್ತಿದ್ದ. ಅದು ಅವನ ಅಭ್ಯಾಸವೆಂದು ನಾವೆಲ್ಲ ಸುಮ್ಮನಿದ್ದೆವು. ಕೆಲವರಿಗೆ ಬಿಕ್ಕಳಿಕೆ ಇರುತ್ತದೆ, ಕೆಲವರಿಗೆ ಹೀಗೆ.

ಸಣ್ಣ ಕಾಲೇಜುಗಳ ಪಂದ್ಯಾವಳಿಗೆಂದು ಕನ್ಸಾಸ್ ಸಿಟಿಗೆ ಹೋದಾಗ ಅವನಿಗೆ ಲಿಯೋನಾ ಡ್ರೈಲಿಂಗ್ ಸಿಕ್ಕಿದಳು. ಶಿಕ್ಷಕಿಯಾಗಲು ಓದುತ್ತಿದ್ದ ಹುಡುಗಿ. ಬಿಟ್ಟಿ ಟಿಕೆಟ್ ಸಿಕ್ಕಿತೆಂದು ಪಂದ್ಯ ನೋಡಲು ಬಂದಿದ್ದಳು. ವರ್ಲಿನ್ ಕೊನೆಯಲ್ಲಿ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದ ಎಸೆತ, ತಪ್ಪಿಸಿ ತನ್ನ ತಂಡವನ್ನೇ ಸೋಲಿಸಿದ. ಹೊರಗೆ ಮುಖ ಇಳಿಬಿಟ್ಟು ನಿಂತಿದ್ದವನ ಹತ್ತಿರ ಅವಳೇ ಹೋಗಿ, ನೀನು ಮಂಡಿ ಮಡಿಸುವ ರೀತಿಯೇ ಸರಿಯಿಲ್ಲ ಎಂದು ಹೇಳಿದಳಂತೆ. ಹೇಳಿದ್ದಷ್ಟೇ ಅಲ್ಲ, ಚೆಂಡಿಲ್ಲದೆ ಅಲ್ಲೇ ಮಾಡಿ ತೋರಿಸಿದಳು. ಮುಂದಿನ ವಸಂತದಲ್ಲಿ ಅವಳನ್ನು ಮದುವೆಯಾಗಿ ನಮ್ಮೂರಿಗೆ ಕರೆತಂದ.

ಲಿಕ್ ಫೋರ್ಕಿನಲ್ಲಿ ಚಳಿಗಾಲದ ಸೂರ್ಯ ಗುಡ್ಡದ ಬೆನ್ನಿನ ಮೇಲೆ ತಡವಾಗಿ ಕಾಣಿಸಿಕೊಂಡು, ಶಾಲೆ ಬಿಡುವ ಹೊತ್ತಿಗೆ ಎದುರು ಗುಡ್ಡದ ಹಿಂದೆ ಜಾರಿಬಿಡುತ್ತಾನೆ. ಬಂದ ಹೊಸದರಲ್ಲಿ ಲಿಯೋನಾ ಮಧ್ಯಾಹ್ನ ಜಗಲಿಗೆ ಬಂದು, "ಇನ್ನೂ ದಿನ ಮುಗಿದಿಲ್ಲ, ಆಗಲೇ ದೀಪ ಆರಿಸಿಬಿಟ್ರಲ್ಲ," ಅನ್ನುತ್ತಿದ್ದಳು. ಅವಳ ಊರಿನಲ್ಲಿ ಆಕಾಶ ನೆಲದವರೆಗೂ ಇಳಿದಿರುತ್ತದಂತೆ. ನಾಳೆ ಬರುವ ಮಳೆ ಇವತ್ತೇ ಕಾಣುತ್ತದಂತೆ. ಅವಳು ಹೇಳುತ್ತಿದ್ದರೆ ನಮಗೆ ಅದು ಯಾರೋ ಕಂಡ ಕನಸಿನ ಹಾಗೆ ಕೇಳುತ್ತಿತ್ತು.

ಮಳೆಯ ದಿನ ಗಂಡ ಎದ್ದು ಹೊರಗೆ ಹೋಗುವುದನ್ನು ಕಂಡು ಮೊದಲು ಅವಳಿಗೆ ಬೇರೆಯೇ ಅನುಮಾನ ಬಂದಿತ್ತು. ಒಂದು ಸಲ ಹಿಂದೆಯೇ ಹೋಗಿ ನೋಡಿದಳು. ಅವನು ಹಳ್ಳದ ದಂಡೆಯ ಮೇಲೆ ಒಬ್ಬನೇ ನಿಂತಿದ್ದ. ಅವತ್ತಿನಿಂದ ಹಳ್ಳಕ್ಕೆ 'ನನ್ನ ಸವತಿ' ಎಂದು ಹೆಸರಿಟ್ಟಳು. ಮಳೆಗಾಲದಲ್ಲಿ ಸಿಕ್ಕಾಗೆಲ್ಲ ನಾನೂ, "ಸವತಿ ಹೇಗಿದಾಳೆ?" ಎಂದು ಕೇಳುತ್ತಿದ್ದೆ. "ಕೊಬ್ಬಿದಾಳೆ ಕಣೇ," ಅನ್ನುತ್ತಿದ್ದಳು.

ವರ್ಲಿನ್ ಕಾಲೇಜಿನಲ್ಲಿ ಮೊದಲು ಬ್ಯಾಸ್ಕೆಟ್‌ಬಾಲ್ ಕೋಚ್ ಆದ, ಆಮೇಲೆ ಕ್ರೀಡಾ ನಿರ್ದೇಶಕನಾದ. ಹುದ್ದೆ ಬದಲಾದರೂ ಊರಿನ ಬಾಯಲ್ಲಿ ಕೊನೆಯವರೆಗೂ 'ಕೋಚ್' ಆಗಿಯೇ ಉಳಿದ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ನಿರ್ದೇಶಕನೆಂದರೆ ಕೋಟು ಹಾಕಿಕೊಂಡು ಗಾಜಿನ ಕೋಣೆಯಲ್ಲಿ ಕೂರುತ್ತಾನೆ. ನಮ್ಮಲ್ಲಿ ಬೇಸ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನೂ ಅವನೇ, ಸ್ಕೋರ್ ಬೋರ್ಡಿನ ಬಲ್ಬು ಬದಲಾಯಿಸುವವನೂ ಅವನೇ. ಪಂದ್ಯದಲ್ಲಿ ಜನರನ್ನು ಹುರಿದುಂಬಿಸಲು ಕರಡಿ ವೇಷ ಹಾಕುವ ಹುಡುಗನಿಗೆ ಜ್ವರ ಬಂದ ದಿನ ಕರಡಿಯಾದವನೂ ಅವನೇ. ಲಿಯೋನಾ ತನ್ನ ತವರಿನ ಬೀರಾಕ್ ಮಾಡಿ, ಎಂದರೆ ಎಲೆಕೋಸು, ಖೀಮಾ ತುಂಬಿ ಸುಟ್ಟ ಬನ್ನು ಮಾಡಿ, ಪಂದ್ಯದ ದಿನ ಬಾಗಿಲ ಹತ್ತಿರ ಮಾರುತ್ತಿದ್ದಳು. ನಮ್ಮ ತಂಡ ಸೋಲುತ್ತಿದ್ದ ವರ್ಷಗಳಲ್ಲಿ ಜನ ಬರುತ್ತಿದ್ದುದು ಆ ಬನ್ನಿಗೇ.

ಬೇರೆ ಊರಿನ ಪಂದ್ಯಗಳಿಗೆ ಅವಳೂ ಬಸ್ಸಿನಲ್ಲಿ ಬರುತ್ತಿದ್ದಳು. ಹತ್ತಿದೊಡನೆ ಕಿಟಕಿಗೆ ತಲೆಯಾನಿಸಿ ಮಲಗಿಬಿಡುವಳು. ಆದರೆ ಬಸ್ಸು ಪಶ್ಚಿಮಕ್ಕೆ ಸಾಗಿ, ತಿರುವುಗಳು ಮುಗಿದು, ನೆಲ ಹಾಸಿಗೆಯಂತೆ ಬಿಚ್ಚಿಕೊಳ್ಳುವ ಕಡೆ ಬಂದಾಗ ಯಾರೂ ಎಬ್ಬಿಸದೆ ಕಣ್ಣು ಬಿಡುತ್ತಿದ್ದಳು. ಹೊರಗೆ ನೋಡುತ್ತ ಕೂರುವಳು. ಪಕ್ಕದ ಸೀಟಿನಲ್ಲಿ ವರ್ಲಿನ್ ಅವಳನ್ನು ನೋಡುತ್ತ ಕೂತಿರುವನು. ಕನ್ನಡಿಯಲ್ಲಿ ನಾನು ಇಬ್ಬರನ್ನೂ ನೋಡುತ್ತಿದ್ದೆ.

ಅವನು ಊರು ಬಿಟ್ಟ ವರ್ಷದ ಏಪ್ರಿಲಿನಲ್ಲಿ ಬೇಸ್‌ಬಾಲ್ ತಂಡವನ್ನು ಕರೆದುಕೊಂಡು ವಾಪಸು ಬರುತ್ತಿದ್ದೆವು. ಭಾನುವಾರ ಬೆಳಿಗ್ಗೆ. ಕಣಿವೆಗಳ ತುಂಬ ಮಂಜು ಹಾಲಿನಂತೆ ನಿಂತಿತ್ತು. ಗುಡ್ಡದ ನೆತ್ತಿಗಳು ಮಾತ್ರ ಮೇಲೆ ತೇಲುತ್ತಿದ್ದವು. ಹುಡುಗರೆಲ್ಲ ಬಾಯಿ ತೆರೆದುಕೊಂಡು ನಿದ್ದೆಯಲ್ಲಿದ್ದರು. ಲಿಯೋನಾ ಆ ಸಲ ಬಂದಿರಲಿಲ್ಲ. ವರ್ಲಿನ್ ಬಂದು ನನ್ನ ಹಿಂದಿನ ಸೀಟಿನಲ್ಲಿ ಕೂತ. ಕನ್ಸಾಸಿನ ಪಶ್ಚಿಮದ ಒಂದು ವಿಶ್ವವಿದ್ಯಾಲಯದವರು ಕರೆದಿದ್ದಾರೆ, ಲಿಯೋನಾಳ ತವರಿನಿಂದ ಕೂಗಳತೆ ದೂರ, ತಾನು ಒಪ್ಪಿಕೊಂಡು ಸಹಿ ಹಾಕಿದ್ದೇನೆ ಎಂದ.

ನಾನು ರಸ್ತೆಯಿಂದ ಕಣ್ಣು ತೆಗೆಯದೆ, "ಲಿಯೋನಾಗೆ ಹೇಳಿದ್ಯಾ?" ಎಂದು ಕೇಳಿದೆ.

"ಇಲ್ಲ. ಇವತ್ತು ಹೇಳ್ತೀನಿ. ಅವಳಿಗೆ ಗೊತ್ತಾಗದ ಹಾಗೆ ಮಾಡ್ಬೇಕು ಅಂತಿತ್ತು."

"ಇಷ್ಟು ವರ್ಷ ಬಾಳಿದ ಹೆಂಡ್ತಿಗೆ ಗೊತ್ತಾಗದ ಹಾಗೆ ಏನೂ ಮಾಡ್ಬಾರ್ದು ಕಣೋ."

ಅವನು ನಕ್ಕ. ಆಮೇಲೆ ಮೆಲ್ಲಗೆ, "ನನ್ನ ಗುಡ್ಡದ ಸಂದೀಲಿ ಅವಳು ಆಯಸ್ಸೆಲ್ಲ ಕಳೆದ್ಲು, ಡೆಲ್ಫಾ. ಒಂದು ದಿನ ಗೊಣಗಲಿಲ್ಲ. ಇನ್ನು ಅವಳ ಸರದಿ," ಎಂದ. ಬಸ್ಸು ಇಳಿಜಾರಿನಲ್ಲಿ ಮಂಜಿನೊಳಗೆ ಇಳಿಯಿತು. ಮುಂದೆ ಏನೂ ಕಾಣುತ್ತಿರಲಿಲ್ಲ. ತಿರುವುಗಳ ನೆನಪಿನ ಮೇಲೆ ಓಡಿಸಿದೆ.

ಜೂನ್ ಹೊತ್ತಿಗೆ ಸುದ್ದಿ ಊರೆಲ್ಲ ಆಯಿತು. ಕ್ಷೌರದ ಅಂಗಡಿಯ ಹೋಬರ್ಟ್ ವರ್ಲಿನನ ತಲೆ ಕೈಗೆ ಸಿಕ್ಕಾಗಲೆಲ್ಲ ಛೇಡಿಸದೆ ಬಿಡುತ್ತಿರಲಿಲ್ಲ. "ಕೋಚ್, ಅಲ್ಲಿ ನಾಯಿ ಮನೆ ಬಿಟ್ಟು ಓಡಿಹೋದ್ರೆ ಮೂರು ದಿನ ಕಾಣ್ತಾನೇ ಇರುತ್ತಂತಲ್ಲ?" ವರ್ಲಿನ್, ಹಾಗಾದರೆ ನೀನು ಸಾಲಗಾರರಿಂದ ಓಡಿ ಅಲ್ಲಿಗೆ ಬರಬೇಡ ಎಂದು ಉತ್ತರ ಕೊಡುತ್ತಿದ್ದ. ಕೆಲವರು ನಗುತ್ತಿದ್ದರು. ಕೆಲವರು ಮುನಿಸಿಕೊಂಡು ಮಾತು ಬಿಟ್ಟರು. ದುಡ್ಡಿಗೆ ಹೋಗುತ್ತಿದ್ದಾನೆ ಎಂದವರೂ ಇದ್ದರು. ಅವನು ಯಾರಿಗೂ ಕಾರಣ ಹೇಳಲಿಲ್ಲ.

ಜುಲೈ ಮೊದಲಲ್ಲಿ ಹುರುಳಿಕಾಯಿ ಬಂತು. ಅದನ್ನು ದಾರಕ್ಕೆ ಪೋಣಿಸಿ ಜಗಲಿಯ ತೊಲೆಗೆ ತೂಗುಹಾಕಿ ಒಣಗಿಸುವುದು ನಮ್ಮ ಕಡೆಯ ವಾಡಿಕೆ. ಪ್ರತಿ ವರ್ಷದಂತೆ ಲಿಯೋನಾ ನಮ್ಮ ಮನೆಗೆ ಬಂದಳು. ಸೂಜಿ ಹಿಡಿದು ಇಬ್ಬರೂ ಪೋಣಿಸಲು ಕೂತೆವು. ನಿನಗಂತೂ ಸಂತೋಷವಾಗಿರಬೇಕು ಎಂದು ನಾನೇ ಮಾತು ತೆಗೆದೆ.

ಅವಳು ಸೂಜಿ ಕೆಳಗಿಟ್ಟಳು.

"ಬಂದ ಹೊಸದ್ರಲ್ಲಿ ದಿನಾ ಬಯಲಿನ ಕನಸು ಬೀಳ್ತಿತ್ತು ಕಣೇ. ಗೋಧಿ, ಗಾಳಿ, ನಮ್ಮಪ್ಪ ಟ್ರ್ಯಾಕ್ಟರ್ ಮೇಲೆ. ಆಮೇಲೆ ಯಾವಾಗ್ಲೋ ನಿಂತೋಯ್ತು. ನಿಂತದ್ದು ನಂಗೂ ಗೊತ್ತಾಗ್ಲಿಲ್ಲ. ಈಗ ಅಲ್ಲಿಗೆ ಹೋದ್ರೆ ಆ ಗಾಳಿಗೆ ತಲೆ ನೋಯುತ್ತೆ. ಬೆನ್ನಿಗೆ ಏನೂ ಇಲ್ಲ ಅನ್ಸುತ್ತೆ. ಇಲ್ಲಿ ಎರಡೂ ಕಡೆ ಗುಡ್ಡ ಇದೆ, ಯಾರೋ ಹೆಗಲ ಮೇಲೆ ಕೈಯಿಟ್ಕೊಂಡು ಕೂತ ಹಾಗೆ."

"ಹಾಗಾದ್ರೆ ಅವನಿಗೆ ಹೇಳು."

"ಏನಂತ ಹೇಳ್ಲಿ? ಅವನ ಹತ್ರ ಇರೋದೇ ಈ ಗುಡ್ಡ. ಅದನ್ನೇ ಬಿಟ್ಟುಕೊಟ್ಟು ಉಡುಗೊರೆ ಅಂತ ನನ್ನ ಕೈಗಿಟ್ಟಿದಾನೆ. ಅಳತೆ ಸರಿಯಿಲ್ಲ ಅಂತ ಅಂಗಡಿಗೆ ವಾಪಸ್ ಕೊಡೋ ಅಂಗೀನಾ ಅದು?"

ಮತ್ತೆ ಸೂಜಿ ತೆಗೆದುಕೊಂಡಳು. ಬಸ್ಸಿನಲ್ಲಿ ಎಚ್ಚರವಾಗುತ್ತಿದ್ದುದರ ಬಗ್ಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಬಯಲು ಬಂತೆಂದರೆ ಊರು ದೂರವಾಯಿತೆಂದು ಎಚ್ಚರವಾಗುತ್ತಿತ್ತೋ ಏನೋ, ಯಾರಿಗೆ ಗೊತ್ತು.

ಬೀಳ್ಕೊಡುಗೆ ಒಳಾಂಗಣ ಕ್ರೀಡಾಂಗಣದಲ್ಲೇ ಆಯಿತು. ಸೆಖೆಗೆ ಎಲ್ಲರೂ ಕಾಗದದ ತಟ್ಟೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮುನಿಸಿಕೊಂಡಿದ್ದವರೂ ಬಂದು, ಪದರ ಪದರವಾಗಿ ಸೇಬಿನ ಮುರಬ್ಬ ಸವರಿದ ಕೇಕುಗಳನ್ನು ಮೇಜಿನ ಮೇಲಿಟ್ಟು ಹೋಗಿ ಹಿಂದೆ ಕೂತರು. ಹಳೆಯ ಆಟಗಾರರು ಕೂದಲು ಉದುರಿ, ಹೊಟ್ಟೆ ಬೆಳೆಸಿಕೊಂಡು ಬಂದಿದ್ದರು. ಮಾತಾಡು ಎಂದಾಗ ವರ್ಲಿನ್ ಎದ್ದು ನಿಂತ, ಮರದ ನೆಲವನ್ನು ನೋಡಿದ, ಈ ನೆಲಕ್ಕೆ ಮುಂದಿನ ಬೇಸಿಗೆಯಲ್ಲಿ ವಾರ್ನಿಷ್ ಬೇಕು, ಮರೆಯಬೇಡಿ ಎಂದು ಹೇಳಿ ಕೂತುಬಿಟ್ಟ. ಲಿಯೋನಾ ಮದುವೆಮನೆಗೆ ಬಂದವಳ ಹಾಗೆ ಎಲ್ಲರೊಡನೆ ನಗುತ್ತಿದ್ದಳು. ಅವನು ಅವಳ ನಗುವನ್ನೇ ನೋಡುತ್ತಿದ್ದ. ತಾನು ಮಾಡಿದ್ದು ಸರಿಯೆಂದು ಅವನ ಮುಖದ ಮೇಲೆ ಬರೆದಿತ್ತು.

ಹೊರಟ ದಿನ ಬೆಳಿಗ್ಗೆಯೂ ಮಂಜು. ಅವರ ಟ್ರಕ್ಕು ಸೇತುವೆ ತಲುಪುವ ಮೊದಲೇ ಕಣ್ಮರೆಯಾಯಿತು. ಸಕ್ಕರೆ ಕರಗಿದ ಹಾಗೆ ಅಂಗಳದ ಆಚೆಯೇ ಕರಗಿತು. ಸದ್ದು ಮಾತ್ರ ಒಂದೊಂದು ತಿರುವಿನಲ್ಲಿ ಬಂದು ಬಂದು ಹೋಗುತ್ತಿತ್ತು.

ಮುಂದಿನ ವರ್ಷ ನವೆಂಬರಿನಲ್ಲಿ ನಮ್ಮ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವನ ವಿಶ್ವವಿದ್ಯಾಲಯದಿಂದ ಪಂದ್ಯಕ್ಕೆ ಕರೆ ಬಂತು. ಅವನೇ ಕರೆಸಿದ್ದ ಎಂಬುದರಲ್ಲಿ ಅನುಮಾನವಿಲ್ಲ. ನಾನು ಬಸ್ಸು ತೆಗೆದುಕೊಂಡು ಹೊರಟೆ. ಎರಡನೆಯ ದಿನ ಕೊಯ್ಲಾದ ಹೊಲಗಳ ನಡುವೆ ರಸ್ತೆ ನೇರ ಗೆರೆಯಾಯಿತು. ಬಸ್ಸು ನಿಂತೇ ಇದೆ, ನೆಲವೇ ಚಕ್ರದ ಕೆಳಗೆ ಹಿಂದಕ್ಕೆ ಹರಿಯುತ್ತಿದೆ ಅನ್ನಿಸುತ್ತಿತ್ತು. ಒಂದು ಮೋಡದ ನೆರಳು ಬಹಳ ದೂರ ನಮ್ಮ ಜೊತೆಗೇ ಬಂತು. ತಿರುಗಿಸಲು ಏನೂ ಇಲ್ಲದೆ ನನ್ನ ಕೈಗಳಿಗೆ ಬೇಸರವಾಯಿತು.

ವರ್ಲಿನ್ ಹೊಸ ಕೋಟು ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದ. ಅವನನ್ನು ನೋಡಿ ನನಗೆ ಅಚ್ಚರಿಯಾಯಿತು. ಕಣ್ಣಿನ ಕೆಳಗೆ ಯಾವಾಗಲೂ ಇದ್ದ ಕಪ್ಪು ಹೋಗಿತ್ತು. ಕೆನ್ನೆ ತುಂಬಿತ್ತು. ಪಂದ್ಯದಲ್ಲಿ ನಾವು ಚೆನ್ನಾಗಿ ಸೋತೆವು. ಸಂಜೆ ನನ್ನನ್ನು ಮನೆಗೆ ಊಟಕ್ಕೆ ಕರೆದುಕೊಂಡು ಹೋದರು.

ಊಟವಾದ ಮೇಲೆ ಅವನು ಕುರ್ಚಿಯಲ್ಲಿ ಒರಗಿ ಮಾತಾಡುತ್ತಲೇ ನಿದ್ದೆಹೋದ. ಸ್ವಲ್ಪ ಹೊತ್ತಿಗೆ ಮಳೆ ಶುರುವಾಯಿತು. ಮೊದಲು ಗಾಳಿ, ಆಮೇಲೆ ಛಾವಣಿಯ ಮೇಲೆ ದಪ್ಪ ಹನಿ. ಅಭ್ಯಾಸಬಲದಿಂದ ನಾನು ಅವನ ಬೂಟಿನ ಕಡೆ ನೋಡಿದೆ. ಅವನು ಅಲುಗಲಿಲ್ಲ.

ಲಿಯೋನಾ ತಗ್ಗಿದ ದನಿಯಲ್ಲಿ ಹೇಳಿದಳು. "ಏಳಲ್ಲ. ಮೊದಲ್ನೇ ಸಲ ಹೀಗೆ ಮಲಗಿದ್ದಾಗ ಹೆದರಿ ಮೂಗಿನ ಹತ್ರ ಕೈ ಇಟ್ಟು ನೋಡ್ದೆ."

ಅವಳು ಆಮೇಲೆ ಉಳಿದದ್ದನ್ನೂ ಹೇಳಿದಳು. ಬಂದ ಮೊದಲ ಶರತ್ಕಾಲದಲ್ಲಿ ಇನ್ನು ತನ್ನಿಂದಾಗದು ಎನ್ನಿಸಿ, ಲಿಕ್ ಫೋರ್ಕಿಗೆ ವಾಪಸು ಹೋಗೋಣ ಎಂದು ಹೇಳಲು ನಿರ್ಧರಿಸಿದ್ದಳಂತೆ. ಒಂದು ಚೀಲವನ್ನೂ ತುಂಬಿಟ್ಟಿದ್ದಳು. ಅವತ್ತು ಮಳೆ ಬಂತು. ಗಂಡ ಬೆಳಗಿನವರೆಗೂ ಮಗುವಿನ ಹಾಗೆ ಮಲಗಿದ್ದ. ಸುತ್ತ ಎಲ್ಲೂ ಹಳ್ಳವಿಲ್ಲ, ಮೇಲಿನಿಂದ ಇಳಿದು ಬರುವ ನೀರಿಲ್ಲ. ಎಂಥ ಭಯವನ್ನು ಹೊತ್ತು ತಿರುಗುತ್ತಿದ್ದ ಎಂಬುದು ಅವನಿಗೇ ತಿಳಿದಿರಲಿಲ್ಲ. ಬೆಳಿಗ್ಗೆ ಅವಳು ಚೀಲ ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿಟ್ಟಳು.

"ನನಗೋಸ್ಕರ ಬಂದಿದೀನಿ ಅಂತ ತಿಳ್ಕೊಂಡಿದಾನೆ," ಎಂದಳು. "ತಿಳ್ಕೊಳ್ಲಿ ಬಿಡು."

ಮರುದಿನ ಬಸ್ಸಿನ ಹತ್ತಿರ ಬಂದ ವರ್ಲಿನ್, ಹುಡುಗಿಯರು ಚೀಲ ತುಂಬುವಾಗ ನನ್ನನ್ನು ಆಚೆಗೆ ಕರೆದ. "ಲಿಯೋನಾ ಇಲ್ಲಿ ಸುಖವಾಗಿಲ್ಲ, ಅಲ್ವಾ?" ಎಂದು ಕೇಳಿದ. ಅವಳು ತನ್ನ ಕುರ್ಚಿಯನ್ನು ಆಕಾಶ ಕಾಣುವ ಕಿಟಕಿಯಿಂದ ತೆಗೆದು, ಊರಿನವರು ಧಾನ್ಯ ತುಂಬಿಡುವ ಗೋಪುರ ಕಾಣುವ ಕಡೆ ಹಾಕಿಕೊಂಡಿದ್ದಳಂತೆ. ಆ ಬಯಲಿನಲ್ಲಿ ಎತ್ತರವಾದದ್ದು ಅದೊಂದೇ. ತಿಂಗಳುಗಟ್ಟಲೆ ಅದನ್ನು ನೋಡಿ ನೋಡಿ ಅವನಿಗೆ ಅರ್ಥವಾಗಿತ್ತು, ಅವಳನ್ನು ಕೇಳಲು ಬಾಯಿ ಬಂದಿರಲಿಲ್ಲ.

"ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು," ಎಂದೆ. "ಅವಳು ಹೇಳೋದನ್ನ ಕೊನೇವರೆಗೂ ಕೇಳು. ನಿಂದೂ ಸ್ವಲ್ಪ ಇದೆ ಅದ್ರಲ್ಲಿ."

ಕೇಳಿದನಂತೆ. ಏನು ಮಾತಾಯಿತೋ ನನಗೆ ತಿಳಿಯದು. ಎರಡು ದಿನ ಜಗಳವಾಯಿತೆಂದು ಲಿಯೋನಾ, ಒಂದು ದಿನವೆಂದು ಅವನು. ಕೆಲಸ ಬಿಡಲು ಅವನು ತಯಾರಿದ್ದ, ಅವಳು ಬಿಡಗೊಡಲಿಲ್ಲ. ಕೊನೆಗೆ ಅವನ ನಿವೃತ್ತಿಯವರೆಗೆ ಅಲ್ಲಿ ಇರುವುದು, ಬೇಸಿಗೆ ಪೂರ್ತಿ ಲಿಯೋನಾ ಇಲ್ಲಿ ಇರುವುದು ಎಂದಾಯಿತು. ನಿವೃತ್ತಿಯಾದ ಮೇಲೆ ಎಲ್ಲಿ ಎಂಬುದನ್ನು ಇಬ್ಬರೂ ಸದ್ಯಕ್ಕೆ ಎತ್ತುವುದಿಲ್ಲ. ಇಲ್ಲೇ ನಮ್ಮ ಗುಡ್ಡದ ಎತ್ತರದಲ್ಲಿ, ನೀರಿನ ಸದ್ದು ಕೇಳದ ಕಡೆ ಒಂದು ತುಂಡು ಜಾಗ ಮಾರಾಟಕ್ಕಿದೆ ಎಂದು ಹೋಬರ್ಟ್ ಹೇಳಿದ್ದಾನೆ. ಅದನ್ನು ಅವರ ಕಿವಿಗೆ ಹಾಕಿದ್ದೇನೆ, ಅಷ್ಟೇ.

ಈ ಸಲವೂ ಲಿಯೋನಾ ಜೂನಿನಲ್ಲಿ ಬಂದು ನಮ್ಮ ಮೇಲಿನ ಕೋಣೆಯಲ್ಲಿದ್ದಳು. ಆಗಸ್ಟಿನಲ್ಲಿ ಕರೆದುಕೊಂಡು ಹೋಗಲು ವರ್ಲಿನ್ ಬಂದ. ಹೊರಡುವ ದಿನ ಬೆಳಿಗ್ಗೆ, ಇಗೋ ಬಂದೆವು ಎಂದು ಹೇಳಿ ಇಬ್ಬರೂ ಹಿತ್ತಲ ದಾರಿಯಿಂದ, ಹೋಬರ್ಟ್ ಹೇಳಿದ ಜಾಗದ ಕಡೆಗೆ, ಗುಡ್ಡ ಹತ್ತಿದರು. ಅವಳು ಮುಂದೆ, ಅವನು ಏದುಸಿರು ಬಿಡುತ್ತ ಹಿಂದೆ. ಬಹಳ ಹೊತ್ತು ಬರಲಿಲ್ಲ. ಕಾಫಿ ಆರಿಹೋಗಿತ್ತು, ನಾನು ಮತ್ತೆ ಒಲೆಯ ಮೇಲಿಟ್ಟೆ.