ಒತ್ತಕ್ಷರವಿಲ್ಲದ ಮಾತು

ನನಗೆ ಆ ಷೆಡ್ ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಏಕೆಂದರೆ ನಮ್ಮ ದೊಡ್ಡಮ್ಮನ ಕಥೆ ಹೇಳಹೊರಟರೆ ಅರ್ಧ ಮಾತು ಷೆಡ್ಡಿನದೇ ಆಗುತ್ತದೆ.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ಟೆಲಿಫೋನ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದು, ಅದು ಬಾಗಿಲು ಹಾಕಿದ ಮೇಲೆ ಮನೆಗೆ ಬಂದು ಕೂತವಳು. ಅವಳು ಕೂತರೂ ಕೈ ಕೂರಲಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೋಡೆ ಗಡಿಯಾರ, ಕೊನೆಗೆ ಚೆನ್ನಾಗಿಯೇ ತಿರುಗುತ್ತಿದ್ದ ಫ್ಯಾನನ್ನೂ ಬಿಚ್ಚಿ ನೋಡಿದಳು. ಅವಳಿಗೆ ಬಿಚ್ಚಮ್ಮ ಎಂದು ಹೆಸರಿಟ್ಟವರು ದೊಡ್ಡಪ್ಪನೇ. "ಈ ಮನೇಲಿ ಇವಳು ಬಿಚ್ಚದೆ ಬಿಟ್ಟಿರೋದು ನನ್ನೊಬ್ಬನ್ನೇ" ಎಂದು ಬಂದವರೆದುರೆಲ್ಲ ಹೇಳಿ ನಗುತ್ತಿದ್ದರು. "ನಿಮ್ಮೊಳಗೆ ಏನಿದೆ ಬಿಚ್ಚೋಕೆ, ಬರೀ ಗಾಳಿ" ಎಂದು ಇವಳು ತಿರುಗಿಸಿ ಕೊಡುವಳು.

ದೊಡ್ಡಪ್ಪ ಪ್ರೆಸ್ಸೊಂದರಲ್ಲಿ ಪ್ರೂಫ್ ತಿದ್ದುತ್ತಿದ್ದರು. ಒಂದು ಒತ್ತು ತಪ್ಪಿದರೆ ಊಟ ಸೇರದ ಜೀವ. ಅಂಗಡಿಯ ಬೋರ್ಡಿನಲ್ಲಿ ಕಾಗುಣಿತ ತಪ್ಪಾಗಿದ್ದರೆ ಒಳಗೆ ಹೋಗಿ ಹೇಳಿಯೇ ಬರುತ್ತಿದ್ದರು. ಕೊಳ್ಳಬೇಕಾದ ಸಾಮಾನು ಮಾತ್ರ ಮರೆತಿರುತ್ತಿತ್ತು.

ಆ ಪ್ರೆಸ್ಸೂ ಒಂದು ದಿನ ಮುಚ್ಚಿತು. ಅದರ ಹಿಂದಿನ ತಗಡಿನ ಷೆಡ್ಡನ್ನು ಕಾಲೇಜಿನ ಮೇಷ್ಟ್ರೊಬ್ಬರು ಹಿಡಿದು, ಯಾರು ಬೇಕಾದರೂ ಬನ್ನಿ, ಹತಾರ ಎಲ್ಲರದು, ಬಂದವರು ಬಂದದ್ದನ್ನು ಮಾಡಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸಿ ಎಂದು ಬಾಗಿಲು ತೆರೆದಿಟ್ಟರು. ಸೈಕಲ್ ರಿಪೇರಿಯವನು, ದರ್ಜಿ, ಕಾಲೇಜು ಹುಡುಗಿಯರು, ಮನೆಯಲ್ಲಿ ಯಾರಿಗೂ ಬೇಡವಾದ ನಿವೃತ್ತರು ಎಲ್ಲ ಅಲ್ಲಿ ಸೇರಿದರು. ದೊಡ್ಡಮ್ಮ ಮೊದಲ ದಿನವೇ ಹೋದವಳು, ಅಲ್ಲಿಯವಳೇ ಆಗಿಬಿಟ್ಟಳು.

ಷೆಡ್ಡಿಗೆ ಒಂದು ಕಟ್ಟಳೆ ಇತ್ತು, ಮಾಡಿದವಳು ಇವಳೇ. ಗೋಡೆಯ ಹಲಗೆಯ ಮೇಲೆ ಇಟ್ಟದ್ದಕ್ಕೆ ಯಜಮಾನರಿದ್ದಾರೆ, ಮುಟ್ಟಬಾರದು. ನಡುವಿನ ದೊಡ್ಡ ಮೇಜಿನ ಮೇಲೆ ಇಟ್ಟದ್ದು ಎಲ್ಲರದು. ಯಾರು ಬೇಕಾದರೂ ಬಿಚ್ಚಿ ಬೇಕಾದ ಭಾಗ ತೆಗೆದುಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ. ಒಮ್ಮೆ ದರ್ಜಿ ತನ್ನ ತಾಯಿಯ ಕಾಲದ ರೇಡಿಯೋವನ್ನು ಆ ಮೇಜಿನ ಮೇಲಿಟ್ಟು ಟೀಗೆ ಹೋದ. ಬರುವಷ್ಟರಲ್ಲಿ ಹುಡುಗಿಯರು ಅದರ ಹೊಟ್ಟೆ ಬಗೆದಿದ್ದರು. ಅವನು ಕಣ್ಣೀರು ಹಾಕಿಕೊಂಡು ನಿಂತರೆ ದೊಡ್ಡಮ್ಮ ತಲೆ ಎತ್ತದೆ ಹೇಳಿದಳಂತೆ, "ಮೇಜಿನ ಮೇಲಿಟ್ಟಿದ್ದು ಮೇಜಿನದು ಕಣಪ್ಪ. ಒಬ್ಬರಿಗೆ ಸಡಿಲ ಬಿಟ್ರೆ ನಾಳೆ ಎಲ್ಲರೂ ಅಳ್ತಾ ಬರ್ತಾರೆ." ನ್ಯಾಯವೇ. ಆದರೆ ನ್ಯಾಯ ಹೇಳುವಾಗ ಅವಳ ದನಿಯಲ್ಲಿ ಸ್ವಲ್ಪ ಸುಖವೂ ಇರುತ್ತಿತ್ತು, ಅದನ್ನು ನಾನು ಬಲ್ಲೆ.

ಆಮೇಲೆ ದೊಡ್ಡಪ್ಪನಿಗೆ ಲಕ್ವ ಹೊಡೆಯಿತು. ಕೈ, ಕಾಲು, ನಾಲಿಗೆ ಒಟ್ಟಿಗೇ ಹೋದವು. ಕಣ್ಣಿನ ರೆಪ್ಪೆಗಳು ಹಗಲೂ ರಾತ್ರಿ ತಾವೇ ಪಟಪಟ ಬಡಿದುಕೊಳ್ಳುತ್ತಿದ್ದುದರಿಂದ ಅವನ್ನು ನಂಬುವಂತಿರಲಿಲ್ಲ. ಒಳಗೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ವೈದ್ಯರೇ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರು. ಒಂದು ಬೆಳಿಗ್ಗೆ ಗಡ್ಡ ಹೆರೆಯುತ್ತಾ ದೊಡ್ಡಮ್ಮ, "ಈಗಂತೂ ನಿಮ್ಮನ್ನೂ ಬಿಚ್ಚಿಬಿಡ್ತೀನಿ ನೋಡಿ" ಅಂದಳಂತೆ. ಅವರ ಬಲಗೆನ್ನೆ ಒಂದಿಷ್ಟು ಮೇಲೆದ್ದಿತು. ಮೈಯಲ್ಲೆಲ್ಲ ಆ ಒಂದು ತುಣುಕು ಮಾತ್ರ ಇನ್ನೂ ಅವರು ಹೇಳಿದಂತೆ ಕೇಳುತ್ತಿತ್ತು.

ಅವಳಿಗೆ ಅಷ್ಟೇ ಸಾಕಾಗಿತ್ತು. ಮೇಷ್ಟ್ರನ್ನು ಪಕ್ಕಕ್ಕೆ ಕೂರಿಸಿಕೊಂಡು ಷೆಡ್ಡಿನಲ್ಲಿ ಒಂದು ಡಬ್ಬಿ ಮಾಡಿದಳು. ಕನ್ನಡಕದ ಕಡ್ಡಿಗೆ ಕಟ್ಟಿದ, ಕೆನ್ನೆ ಅಲುಗಿದರೆ ಗುರುತಿಸುವ ಒಂದು ಪುಟ್ಟ ಸೆನ್ಸರ್. ಅಲ್ಲಿಂದ ತಂತಿ ಹೋಗಿ ಸಾಬೂನು ಡಬ್ಬಿಯೊಳಗಿನ ಬೋರ್ಡಿಗೆ ಸೇರುತ್ತಿತ್ತು. ಡಬ್ಬಿ ಅಕ್ಷರಮಾಲೆಯನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದುವುದು. ಬೇಕಾದ ಸಾಲು ಬಂದಾಗ ಒಮ್ಮೆ, ಬೇಕಾದ ಅಕ್ಷರ ಬಂದಾಗ ಇನ್ನೊಮ್ಮೆ ದೊಡ್ಡಪ್ಪ ಕೆನ್ನೆ ಅಲುಗಿಸುವುದು. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿಸಿದರೆ ಒಂದು ಪದ ಮುಗಿಯುವಷ್ಟರಲ್ಲಿ ಗಂಜಿ ಆರಿಹೋಗುತ್ತಿತ್ತು. ಹಾಗಾಗಿ ಬರೀ ಮೂಲ ಅಕ್ಷರಗಳನ್ನು ಇಟ್ಟುಕೊಂಡರು. ಜೀವಮಾನವಿಡೀ ಒತ್ತು ದೀರ್ಘ ತಿದ್ದಿದ ಮನುಷ್ಯ ಕೊನೆಗೆ ಒತ್ತೂ ಇಲ್ಲದೆ ದೀರ್ಘವೂ ಇಲ್ಲದೆ ಮಾತಾಡಬೇಕಾಯಿತು. ಅವರು ಮೊದಲು ಹೇಳಿದ್ದು "ಬ, ಚ, ಮ". ಬಿಚ್ಚಮ್ಮ ಅಡುಗೆಮನೆಗೆ ಓಡಿಹೋಗಿ ಅತ್ತಳು.

ಅವರಿಗೊಬ್ಬಳೇ ಮಗಳು. ಆಸ್ಪತ್ರೆಯಲ್ಲಿ ನರ್ಸ್, ನನಗೆ ಅಕ್ಕ. ಅಕ್ಕ ಕೆಟ್ಟವಳಲ್ಲ. ಬೆನ್ನ ಹುಣ್ಣು ಎಂದರೇನು, ನಿದ್ದೆಗೆಟ್ಟ ಹೆಂಡತಿಯರು ಹೇಗೆ ಗಂಡಂದಿರಿಗಿಂತ ಮೊದಲೇ ಹೋಗುತ್ತಾರೆ ಎಂಬುದನ್ನು ದಿನಾ ನೋಡುವವಳು. ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸೋಣ ಎಂದು ಅವಳ ಹಟ. "ಅವರಿಗೆ ಮನೇಲೇ ಇರಬೇಕಂತೆ, ಅವರೇ ಹೇಳಿದಾರೆ" ಎಂದು ದೊಡ್ಡಮ್ಮನ ಹಟ.

"ಅಪ್ಪ ಎಲ್ಲಿ ಹೇಳ್ದ? ಮೊನ್ನೆ ಕ, ಲ ಅಂತು ಡಬ್ಬಿ. ನೀನು ಕಾಲು ಅಂದೆ. ಕೋಲು ಅಂತ ಯಾಕಿರಬಾರದು? ಕಲ್ಲು ಅಂತ ಯಾಕಿರಬಾರದು?"

"ಮಲಗಿದೋರಿಗೆ ಕಲ್ಲು ಯಾಕೆ ಬೇಕೇ? ಕಾಲು ಒತ್ತಿದೆ, ಮುಖ ಸಡಿಲ ಆಯ್ತು."

"ಅದೇ ನಾನು ಹೇಳೋದು. ಡಬ್ಬಿ ಮಾತಾಡ್ತಿಲ್ಲ ಅಮ್ಮ, ನೀನು ಮಾತಾಡಿಸ್ತಿದ್ದೀಯ."

ಆ ಮಾತು ದೊಡ್ಡಮ್ಮನಿಗೆ ಚುಚ್ಚಿತು. ಅವರು ಹೇಳಿದ್ದೇ ಹೇಳಿದ್ದು, ಯಾರೂ ಅರ್ಥ ಹಚ್ಚಬಾರದು ಎಂದು ಡಬ್ಬಿ ಮಾಡಿದ ದಿನದಿಂದ ಸಾರುತ್ತಾ ಬಂದವಳು ಅವಳು. ಕೊನೆಗೆ ತಾಯಿ ಮಗಳ ನಡುವೆ ಒಪ್ಪಂದವಾಯಿತು. ಭಾನುವಾರ ಅಕ್ಕ ಬರುವುದು. ದೊಡ್ಡಮ್ಮ ಹೊರಗೆ ಕೂರುವುದು. ಅಕ್ಕನೇ ಕೇಳುವುದು, ನಾನು ಸಾಕ್ಷಿ. ಮನೆ ಎಂದು ದೊಡ್ಡಪ್ಪ ಹೇಳಿದರೆ ಅಕ್ಕ ಇನ್ನು ಬಾಯಿ ತೆರೆಯುವುದಿಲ್ಲ. ಹೇಳದಿದ್ದರೆ ದೊಡ್ಡಮ್ಮ ತೆರೆಯುವುದಿಲ್ಲ.

ಶುಕ್ರವಾರ ಡಬ್ಬಿಯ ತಂತಿ ಸವೆದು ಬಿಟ್ಟುಬಿಟ್ಟು ಕೆಲಸ ಮಾಡತೊಡಗಿತು. ದೊಡ್ಡಪ್ಪನ ಪಕ್ಕದಲ್ಲಿ ನೆರೆಮನೆಯಾಕೆಯನ್ನು ಕೂರಿಸಿ ದೊಡ್ಡಮ್ಮ ಅದನ್ನು ಬೆಸೆಯಲು ಷೆಡ್ಡಿಗೆ ಹೋದಳು. ಬೆಸುಗೆ ಕಡ್ಡಿ ಕಾಯುತ್ತಿರುವಾಗಲೇ ಫೋನ್ ಬಂತು: ಗಂಜಿ ಗಂಟಲಿಗೆ ಸಿಕ್ಕಿದೆ, ಬೇಗ ಬಾ. ಕೈಯಲ್ಲಿದ್ದದ್ದನ್ನು ಹಾಗೇ ಕೆಳಗಿಟ್ಟು ಓಡಿದಳು. ದೊಡ್ಡಪ್ಪ ಸುಧಾರಿಸಿಕೊಂಡರು. ಡಬ್ಬಿಯನ್ನು ಇಟ್ಟು ಬಂದದ್ದು ನಡುಮೇಜಿನ ಮೇಲೆ.

ಷೆಡ್ಡಿಗೆ ಆ ವಾರವಷ್ಟೇ ಸೇರಿದ್ದ ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎಂಬಂಥ ಉತ್ಸಾಹದ ಮನುಷ್ಯ, ತನ್ನ ಮನೆಯ ನೀರಿನ ತೊಟ್ಟಿ ತುಂಬಿದರೆ ಕೂಗಿ ಹೇಳುವ ಯಂತ್ರ ಮಾಡಬೇಕೆಂದಿದ್ದರು. ಮೇಜಿನ ಮೇಲೆ ಸೆನ್ಸರ್ ಸಿಕ್ಕಿತು, ಬೋರ್ಡ್ ಸಿಕ್ಕಿತು, ಸ್ಪೀಕರ್ ಕೂಡ ಸಿಕ್ಕಿತು. ಹುಡುಗಿಯರು ನೆರವಾದರು. ಬೋರ್ಡಿನೊಳಗಿದ್ದದ್ದನ್ನೆಲ್ಲ ಅಳಿಸಿ ತೊಟ್ಟಿಯ ಲೆಕ್ಕ ತುಂಬಿಸಿದರು. ಸಂಜೆ ದೊಡ್ಡಮ್ಮ, ಜೊತೆಗೆ ನಾನು, ಹೋಗಿ ನೋಡಿದರೆ ಬಕೆಟ್ಟಿಗೆ ನೀರು ಸುರಿದು ಪರೀಕ್ಷೆ ನಡೆಯುತ್ತಿತ್ತು. ಅದು ಕೀ ಎಂದು ಕೂಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

"ಮೇಜಿನ ಮೇಲಿತ್ತಲ್ಲಮ್ಮ" ಎಂದರು ಬ್ಯಾಂಕಿನವರು, ಪಾಪ, ಬಿಳಿಚಿಕೊಂಡು.

ದರ್ಜಿ ತನ್ನ ಮೂಲೆಯಿಂದಲೇ ಹೇಳಿದ, "ಮೇಜಿನ ಮೇಲಿಟ್ಟಿದ್ದು ಮೇಜಿನದು. ಅಲ್ವೇನಮ್ಮ?"

ನಾನಾಗಿದ್ದರೆ ಅವನ ಕತ್ತರಿಯನ್ನೇ ಅವನ ಮೇಲೆ ಎಸೆಯುತ್ತಿದ್ದೆ. ದೊಡ್ಡಮ್ಮ "ಹೌದಪ್ಪ" ಎಂದಳಷ್ಟೇ.

ಬಿಡಿಭಾಗಕ್ಕೇನೂ ಬರವಿರಲಿಲ್ಲ. ಬ್ಯಾಂಕಿನವರು ಅಲ್ಲೇ ಎಲ್ಲವನ್ನೂ ಕಳಚಿ ಕೈಗಿಟ್ಟರು. ಆದರೆ ಕೆಮ್ಮಿದರೆ ಕೆನ್ನೆ ಎಷ್ಟು ಅಲುಗುತ್ತದೆ, ಎಂಜಲು ನುಂಗಿದರೆ ಎಷ್ಟು, ಬೇಕೆಂದೇ ಅಲುಗಿಸಿದರೆ ಎಷ್ಟು ಎಂಬುದನ್ನು ಅವಳು ತಿಂಗಳುಗಟ್ಟಲೆ ಹಾಸಿಗೆಯ ಪಕ್ಕದಲ್ಲಿ ಕೂತು ಆ ಬೋರ್ಡಿನೊಳಗೇ ತಿದ್ದಿ ತಿದ್ದಿ ಕೂರಿಸಿದ್ದಳು. ಮೇಷ್ಟ್ರ ಕಂಪ್ಯೂಟರಿನಲ್ಲಿ ಇದ್ದದ್ದು ಮೊದಲ ದಿನದ ಪ್ರತಿ ಮಾತ್ರ; ಅದನ್ನೇ ಬೋರ್ಡಿಗೆ ತುಂಬಿಸಿ ಡಬ್ಬಿಯನ್ನು ಮತ್ತೆ ಜೋಡಿಸಿಕೊಂಡಳು. ಊರಿಗೆಲ್ಲ ಕಲಿಸುವ ಆ ಜನಕ್ಕೆ ಒಂದು ನಕಲು ತೆಗೆದಿಡಬೇಕು ಎಂದು ಹೊಳೆದಿರಲಿಲ್ಲ. ಭಾನುವಾರವನ್ನು ಮುಂದಕ್ಕೆ ಹಾಕು ಎಂದು ನಾನು ಹೇಳಿದೆ. "ನೆಪ ಹುಡುಕ್ತಿದ್ದಾಳೆ ಅನ್ನಲ್ವೇನೇ ಅವಳು?" ಎಂದಳು ದೊಡ್ಡಮ್ಮ.

ಭಾನುವಾರ ಅಕ್ಕ ಅಪ್ಪನ ತಲೆ ನೇವರಿಸಿ ಕೇಳಿದಳು, "ಅಪ್ಪಾ, ಮನೇಲೇ ಇರ್ತೀಯಾ, ಕೇಂದ್ರಕ್ಕೆ ಬರ್ತೀಯಾ?"

ಡಬ್ಬಿ ಹೇಳಿತು, "ಪ. ಪ. ಕ. ಪ. ಪ."

ಮತ್ತೆ ಕೇಳಿದಳು. ಮತ್ತೆ ಅದೇ. ಉಸಿರೆಳೆದರೂ, ಎಂಜಲು ನುಂಗಿದರೂ ಡಬ್ಬಿ ಒಂದು ಅಕ್ಷರ ಉಗುಳುತ್ತಿತ್ತು. ದೊಡ್ಡಪ್ಪನ ಕೆನ್ನೆ ಕುಣಿಯುತ್ತಿತ್ತು. ಅದು ಮಾತಾಡುತ್ತಿದೆ ಎಂದು ನನಗೆ ಗೊತ್ತು, ಆಣೆ ಇಟ್ಟು ಹೇಳಬಲ್ಲೆ. ಕಣ್ಣಿಂದ ನೀರು ಇಳಿಯಿತು. ಅಕ್ಕ ಅದನ್ನು ಒರೆಸಿ, "ಈ ಕಾಯಿಲೇಲಿ ಕಣ್ಣೀರು ಸುಮ್ನೆ ಬರುತ್ತೆ ಕಣೆ" ಎಂದು ನನಗೆ ಹೇಳಿದಳು. ಹೇಳುತ್ತಾ ತಾನೂ ಅತ್ತಳು. ಹೊರಗೆ ಕೂತಿದ್ದ ದೊಡ್ಡಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಅವರ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದಳು. ಕೊಟ್ಟ ಮಾತು.

ಕೇಂದ್ರದಲ್ಲಿ ಬೆನ್ನ ಹುಣ್ಣು ಮಾಯಿತು, ದೊಡ್ಡಪ್ಪನ ಮುಖ ತುಂಬಿಕೊಂಡಿತು. ಇದನ್ನು ಒಪ್ಪಿಕೊಳ್ಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ನಿಜ. ದೊಡ್ಡಮ್ಮ ಷೆಡ್ಡಿನ ಕಡೆ ತಲೆ ಹಾಕಲಿಲ್ಲ. ಮೇಷ್ಟ್ರು ಎರಡು ಸಲ ಮನೆಗೆ ಬಂದು, ನಡುಮೇಜನ್ನೇ ತೆಗೆಸಿಬಿಟ್ಟೆ ಎಂದರು. "ಮೇಜು ಏನು ಮಾಡಿತ್ತು?" ಎಂದು ಕೇಳಿ ಕಾಫಿ ಕೊಟ್ಟು ಕಳಿಸಿದಳು. ದಿನಾ ಬಸ್ಸು ಹತ್ತಿ ಕೇಂದ್ರಕ್ಕೆ ಹೋಗುವಳು, ಒಳಗೆ ಬಿಡುವ ಹೊತ್ತಿನಲ್ಲಿ ಡಬ್ಬಿಯನ್ನು ಮತ್ತೆ ಮೊದಲಿಂದ ತಿದ್ದುವಳು. ಕೆಮ್ಮಿಗಿಷ್ಟು, ಎಂಜಲಿಗಿಷ್ಟು. ಮನೆಯಲ್ಲಿ ಅವರ ಮಂಚವನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಹಾಸಿಗೆ ಬಿಸಿಲಿಗೆ ಹಾಕಿ ಕಾದಳು.

ಡಬ್ಬಿ ನೆಟ್ಟಗಾದ ದಿನ ಅಕ್ಕನನ್ನು ಕೇಂದ್ರಕ್ಕೆ ಕರೆಸಿದಳು. "ಮೊದಲಿನ ಹಾಗೇ. ನಾನು ಹೊರಗಿರ್ತೀನಿ" ಎಂದು ವರಾಂಡದ ಬೆಂಚಿನಲ್ಲಿ ಕೂತಳು. ನಾನು ಒಳಗಿದ್ದೆ. ಅಕ್ಕ "ಅಪ್ಪಾ" ಎಂದಳು.

"ಮ," ಎಂದಿತು ಡಬ್ಬಿ. ಬಹಳ ಹೊತ್ತಿನ ಮೇಲೆ "ಗ." ಆಮೇಲೆ "ಳ."

ಅಕ್ಕ ಹಾಸಿಗೆಯ ಮೇಲೆ ಕುಸಿದು ಮಗುವಿನಂತೆ ಅತ್ತಳು. ಎದ್ದು ಹೊರಗೋಡಿ ತಾಯಿಯ ಕೈ ಹಿಡಿದು ಎಳೆದು ತಂದಳು. "ಅಪ್ಪ ಇದ್ದಾನೆ ಅಮ್ಮ! ಇವತ್ತೇ ಕರ್ಕೊಂಡು ಹೋಗೋಣ, ಇವತ್ತೇ. ರಜೆ ಹಾಕ್ತೀನಿ, ನಾನೇ ನೋಡ್ಕೋತೀನಿ."

"ಮೊದಲು ಅವರನ್ನ ಕೇಳು" ಎಂದಳು ದೊಡ್ಡಮ್ಮ. ಮುಖದಲ್ಲಿ ಗೆದ್ದವರ ಕಳೆ. ಅಷ್ಟು ತಿಂಗಳ ಮೇಲೆ ಅವಳು ನಕ್ಕದ್ದನ್ನು ನಾನು ಆಗಲೇ ನೋಡಿದ್ದು.

"ಅಪ್ಪಾ, ಮನೆಗೆ ಹೋಗೋಣ್ವಾ?"

ಡಬ್ಬಿ ಸ್ವರಗಳ ಸಾಲು ಓದಿತು. ಕೆನ್ನೆ ಅಲುಗಿತು. "ಇ."

ಸಾಲುಗಳೆಲ್ಲ ದಾಟಿ ಕೊನೆಯ ಸಾಲಿಗೆ ಬಂತು. ಕೆನ್ನೆ ಮತ್ತೆ ಅಲುಗಿತು. "ಲ."

ಅಷ್ಟೇ. ಡಬ್ಬಿ ಮತ್ತೆ ಎರಡು ಸುತ್ತು ಓದಿತು. ಕೆನ್ನೆ ಅಲುಗಲಿಲ್ಲ.

"ನಿನಗೆ ಕಷ್ಟ ಆಗುತ್ತೆ ಅಂತ ಹೇಳ್ತಿದ್ದಾನೆ ಅಮ್ಮ," ಅಕ್ಕ ಬಡಬಡಿಸಿದಳು. "ಮನಸ್ಸಲ್ಲಿರೋದು ಅದಲ್ಲ, ಆಸೆ ಇದ್ದೇ ಇರುತ್ತೆ..."

"ನೀನು ಅರ್ಥ ಹಚ್ಚಬೇಡ" ಎಂದಳು ದೊಡ್ಡಮ್ಮ. ದೊಡ್ಡಪ್ಪನ ಕನ್ನಡಕ ತೆಗೆದು ಮುಖ ಒರೆಸಿ, ಹೊದಿಕೆ ಸರಿಮಾಡಿ, ನಾಳೆ ಬರ್ತೀನಿ ಎಂದು ಹೇಳಿ ಹೊರಟಳು.

ಬಸ್ ಸ್ಟಾಪಿನಲ್ಲಿ ದೊಡ್ಡಮ್ಮ ಬಸ್ಸಿನ ಚಿಲ್ಲರೆ ಎಣಿಸಿಟ್ಟುಕೊಂಡಳು. ಆಮೇಲೆ ತಾನೇ ಕೇಳಿದಳು, "ಇಲ್ಲ ಅಂದ್ರೋ, ಇಲ್ಲಿ ಅಂದ್ರೋ?"

"ಎರಡೂ ಒಂದೇ ಅಲ್ವಾ ದೊಡ್ಡಮ್ಮ. ಬರಲ್ಲ ಅಂತ ತಾನೇ?" ನನಗೆ ಎಲ್ಲರ ಮೇಲೂ ಸಿಟ್ಟಿತ್ತು, ದೊಡ್ಡಪ್ಪನ ಮೇಲೂ.

"ಒಂದೇ ಹೇಗಾಗುತ್ತೆ? ಇಲ್ಲಿ ಅಂದ್ರೆ, ಇಲ್ಲಿ ಹಿಡಿಸಿದೆ ಅಂತ. ಇಲ್ಲ ಅಂದ್ರೆ, ನಾನು ಬೇಡ ಅಂತ."

"ನಾಳೆ ಬರ್ತೀಯಲ್ಲ, ಇನ್ನೊಂದ್ಸಲ ಕೇಳು. ಡಬ್ಬಿ ಸರಿಯಾಗಿದೆ."

"ಕೇಳಲ್ಲ" ಎಂದಳು. ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು ನನ್ನ ಕಡೆ ತಿರುಗಿದಳು. "ಕೇಳಿದ್ರೆ ಹೇಳಿಬಿಡ್ತಾರೆ."